ಮುಖ ತುಂಬುವ ಕೊಲಾಜೆನ್ ಇಂಜೆಕ್ಷನ್: ಯಾವುದು, ಯಾರಿಗೆ, ಯಾವಾಗ?

(ಶ್ರೀಮಠದ ಧರ್ಮಾರ್ಥ ಆಸ್ಪತ್ರೆಯ ತಿಂಗಳ ಆರೋಗ್ಯ ಉಪನ್ಯಾಸದಲ್ಲಿ ಚರ್ಮರೋಗ ವಿಭಾಗದ ವೈದ್ಯರು ಮಾಡಿದ ಭಾಷಣದ ಬರಹರೂಪ. ರೋಗಿಗಳ ಮತ್ತು ಅವರ ಮನೆಯವರ ತಿಳಿವಳಿಕೆಗಾಗಿ.)

 

ಇಂದಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಮಠದ ದವಾಖಾನೆಯಲ್ಲಿ ಸುಕ್ಕು ತೆಗೆಯುವ ಇಂಜೆಕ್ಷನ್ನಿನ ಮಾತು ಏಕೆ ಎಂದು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಹೊರರೋಗಿ ವಿಭಾಗದಲ್ಲಿ ನಮ್ಮನ್ನು ಈ ಪ್ರಶ್ನೆ ಕೇಳುವವರು ಈಗ ಪಟ್ಟಣದವರು ಮಾತ್ರ ಅಲ್ಲ. ಮೊಬೈಲಿನಲ್ಲಿ ಜಾಹೀರಾತು ನೋಡಿ, ಮಗಳ ಮದುವೆಗೆ ಮುಂಚೆ ತಮ್ಮ ಮುಖವೂ ಸ್ವಲ್ಪ ಸರಿಯಾಗಲಿ ಎಂದು ಕೇಳುವ ತಾಯಂದಿರಿದ್ದಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಎರಡನೆಯದು, ಈ ಇಂಜೆಕ್ಷನ್‌ಗಳಲ್ಲಿ ಒಂದಕ್ಕೆ ಅಮೆರಿಕದಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಸೌಂದರ್ಯಕ್ಕಾಗಿ ಅಲ್ಲ, ಕಾಯಿಲೆಯಿಂದ ಕೆನ್ನೆ ಬತ್ತಿದವರಿಗಾಗಿ. ಆ ಸಂಗತಿ ನಮ್ಮಂಥ ಆಸ್ಪತ್ರೆಗೆ ಹತ್ತಿರದ್ದು. ಮುಂದೆ ಹೇಳುತ್ತೇನೆ.

ನಮ್ಮ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಮಾಡುವುದಿಲ್ಲ. ಹಾಗಾಗಿ ಮಾರುವ ಆಸೆಯೂ ನಮಗಿಲ್ಲ, ಹೆದರಿಸುವ ಉದ್ದೇಶವೂ ಇಲ್ಲ. ಹೊರಗೆ ಮಾಡಿಸಿಕೊಳ್ಳುವವರು ತಿಳಿದು ಮಾಡಿಸಿಕೊಳ್ಳಲಿ, ಬೇಡದವರು ತಿಳಿದೇ ಬಿಡಲಿ ಎಂಬುದಷ್ಟೇ ನಮ್ಮ ಅಪೇಕ್ಷೆ.

ಕೊಲಾಜೆನ್ ಎಂದರೇನು?

ನಮ್ಮ ಚರ್ಮವನ್ನು ಒಂದು ಬಟ್ಟೆ ಎಂದುಕೊಳ್ಳಿ. ಆ ಬಟ್ಟೆಯ ನೂಲೇ ಕೊಲಾಜೆನ್. ಇದೊಂದು ಪ್ರೋಟೀನು. ಚರ್ಮದ ಒಳಪದರಕ್ಕೆ ಬಲ, ಬಿಗಿ, ತುಂಬಿದ ನೋಟ ಕೊಡುವುದು ಇದೇ. ಈ ನೂಲನ್ನು ನೇಯುವ ಜೀವಕೋಶಗಳು ಚರ್ಮದಲ್ಲೇ ಇವೆ. ಅವುಗಳನ್ನು ಫೈಬ್ರೊಬ್ಲಾಸ್ಟ್ ಎನ್ನುತ್ತಾರೆ. ನಾವು ಇವತ್ತಿನ ಮಟ್ಟಿಗೆ ಅವನ್ನು ನೇಕಾರರು ಎಂದು ಕರೆಯೋಣ.

ಯೌವನ ದಾಟಿದ ಮೇಲೆ ಪ್ರತಿ ವರ್ಷ ಸುಮಾರು ಶೇ. 1ರಷ್ಟು ಕೊಲಾಜೆನ್ ಕಡಿಮೆಯಾಗುತ್ತಾ ಹೋಗುತ್ತದೆ. ಹೆಣ್ಣುಮಕ್ಕಳಲ್ಲಿ ಮುಟ್ಟು ನಿಂತ ನಂತರದ ಮೊದಲ 5 ವರ್ಷಗಳಲ್ಲಿ ಈ ಇಳಿತ ಬಹಳ ಬೇಗ ಆಗುತ್ತದೆ, ಸುಮಾರು ಶೇ. 30ರವರೆಗೂ ಹೋಗಬಹುದು. ಜೊತೆಗೆ ಚರ್ಮದ ಕೆಳಗಿನ ಕೊಬ್ಬು ಕರಗುತ್ತದೆ, ದವಡೆಯ ಎಲುಬೂ ಸವೆಯುತ್ತದೆ. ಈ ಮೂರೂ ಸೇರಿ ಕೆನ್ನೆ ಇಳಿಯುತ್ತದೆ, ಮೂಗಿನ ಬದಿಯಿಂದ ಬಾಯಿಯವರೆಗೆ ಗೆರೆ ಬೀಳುತ್ತದೆ. ಇದು ರೋಗವಲ್ಲ, ವಯಸ್ಸು.

ಸುಕ್ಕು ತುಂಬುವ ಇಂಜೆಕ್ಷನ್‌ಗಳಲ್ಲಿ ಎರಡು ಬಗೆ. ಒಂದು, ಖಾಲಿ ಜಾಗಕ್ಕೆ ಮುಲಾಮಿನಂಥ ವಸ್ತುವನ್ನು ತುಂಬುವುದು. ಹೈಯಲುರಾನಿಕ್ ಆಮ್ಲದ ಫಿಲ್ಲರ್ ಅಂಥದ್ದು. ಇನ್ನೊಂದು, ನೇಕಾರರನ್ನು ಎಬ್ಬಿಸಿ ಮತ್ತೆ ಮಗ್ಗಕ್ಕೆ ಕೂರಿಸುವುದು. ಅತಿ ಸಣ್ಣ ಕಣಗಳನ್ನು ಚರ್ಮದೊಳಗೆ ಇಟ್ಟರೆ, ಶರೀರ ಅವನ್ನು ಹೊರಗಿನ ವಸ್ತುವೆಂದು ಗುರುತಿಸಿ ಸುತ್ತುವರಿಯುತ್ತದೆ. ಆ ನೆಪದಲ್ಲಿ ಸುತ್ತಲೂ ಹೊಸ ಕೊಲಾಜೆನ್ ನೇಯುತ್ತದೆ. ಕಣ ನಿಧಾನವಾಗಿ ಕರಗಿಹೋಗುತ್ತದೆ, ನೇಯ್ಗೆ ಉಳಿಯುತ್ತದೆ. ಇದೇ ಕೊಲಾಜೆನ್ ಪ್ರಚೋದಕ ಇಂಜೆಕ್ಷನ್.

ಇಲ್ಲಿ ಒಂದು ಮಾತು ಗಮನಿಸಿ. ಕೊಲಾಜೆನ್ ಹೆಚ್ಚಾದಷ್ಟೂ ಒಳ್ಳೆಯದು ಎಂದಲ್ಲ. ಅಡಿಕೆ, ಗುಟ್ಕಾ ಜಗಿಯುವವರ ಬಾಯಿ ಬರಬರುತ್ತಾ ತೆರೆಯದಂತಾಗುವುದನ್ನು ನೀವು ನೋಡಿದ್ದೀರಿ. ಮೂರು ಬೆರಳು ಒಳಗೆ ಹೋಗುವುದಿಲ್ಲ, ಖಾರ ತಿಂದರೆ ಉರಿ. ಅಡಿಕೆಯ ಅಂಶದಿಂದ ಕೆನ್ನೆಯ ಒಳಗೆ ಬೇಡದ ಕೊಲಾಜೆನ್ ಕಟ್ಟಿಕೊಂಡು ಆಗುವ ಕಾಯಿಲೆ ಅದು. ಗಾಯ ಒಣಗಿದ ಮೇಲೆ ಎದ್ದು ಬೆಳೆಯುವ ಕೀಲಾಯ್ಡ್ ಗಂಟೂ ಹೀಗೆಯೇ. ನೂಲು ಅದೇ, ಬೇಡದ ಜಾಗದಲ್ಲಿ, ಬೇಡದಷ್ಟು ನೇಯ್ದರೆ ಅದೇ ರೋಗ. ಆದ್ದರಿಂದ ಈ ಇಂಜೆಕ್ಷನ್‌ಗಳಲ್ಲಿ ಔಷಧಿ ಎಷ್ಟು ಮುಖ್ಯವೋ, ಅದನ್ನು ಎಲ್ಲಿ, ಎಷ್ಟು ಆಳಕ್ಕೆ, ಯಾರ ಕೈ ಇಡುತ್ತದೆ ಎಂಬುದೂ ಅಷ್ಟೇ ಮುಖ್ಯ.

ಮೊದಲು ಕೇಳಬೇಕಾದದ್ದು: ಮುಖ ಏಕೆ ಇಳಿದಿದೆ?

ಯಾವ ಇಂಜೆಕ್ಷನ್ ಎಂದು ಕೇಳುವ ಮುಂಚೆ, ಮುಖ ಏಕೆ ಇಳಿದಿದೆ ಎಂದು ಕೇಳಬೇಕು. ವಯಸ್ಸಲ್ಲದೆ ಬೇರೆ ಕಾರಣಗಳು ಬಹಳ.

ಹಿಂದಿನ ಹಲ್ಲುಗಳು ಬಿದ್ದರೆ ಕೆನ್ನೆ ಒಳಗೆ ಹೋಗುತ್ತದೆ, ತುಟಿ ಒಳಸೇರುತ್ತದೆ. ಇಂಥವರಿಗೆ ಸರಿಯಾದ ಹಲ್ಲಿನ ಸೆಟ್ಟು ಕೂರಿಸಿದರೆ ಮುಖ ತುಂಬಿ ಬರುತ್ತದೆ, ರೊಟ್ಟಿಯನ್ನೂ ಜಗಿಯಬಹುದು. ಯಾವ ಇಂಜೆಕ್ಷನ್ನೂ ಎರಡನೆಯ ಕೆಲಸ ಮಾಡುವುದಿಲ್ಲ.

ಕೆಲವೇ ತಿಂಗಳಲ್ಲಿ ಮುಖ ಬತ್ತಿದರೆ ಅದು ವಯಸ್ಸಲ್ಲ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್ ತೊಂದರೆ, ಕೆಲವೊಮ್ಮೆ ಕ್ಯಾನ್ಸರ್ ಸಹ ಹೀಗೆ ಕಾಣಿಸಿಕೊಳ್ಳುತ್ತದೆ. ರಕ್ತ, ಕಫ, ತೂಕ ನೋಡಿಸಿಕೊಳ್ಳುವುದು ಮೊದಲ ಕೆಲಸ.

ಇನ್ನು ಬಂಗು. ನಮ್ಮ ಮೈಬಣ್ಣದವರಲ್ಲಿ ಮುಖ ವಯಸ್ಸಾದಂತೆ ಕಾಣಲು ಎಷ್ಟೋ ಸಲ ಸುಕ್ಕಿಗಿಂತ ಕಪ್ಪು ಕಲೆಯೇ ಕಾರಣ. ಕೊಲಾಜೆನ್ ಇಂಜೆಕ್ಷನ್ ಬಂಗಿಗೆ ಮದ್ದಲ್ಲ. ಬಂಗಿಗೆಂದು, ಬೆಳ್ಳಗಾಗಲೆಂದು ಔಷಧಿ ಅಂಗಡಿಯಿಂದ ತಾವೇ ಕೇಳಿ ತಂದು ಹಚ್ಚುವ ಕ್ರೀಮುಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಸೇರಿರುತ್ತದೆ. ಅದು ಮೊದಲ ವಾರ ಮುಖ ಹೊಳೆಯಿಸಿ, ಆಮೇಲೆ ಕೊಲಾಜೆನ್ನನ್ನೇ ಸವೆಸಿ ಚರ್ಮವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳು ಮಾಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಒಂದು ಕೈಯಲ್ಲಿ ಕೊಲಾಜೆನ್ ಸವೆಸುವ ಕ್ರೀಮು, ಇನ್ನೊಂದು ಕೈಯಲ್ಲಿ ಕೊಲಾಜೆನ್ ತರಿಸುವ ಇಂಜೆಕ್ಷನ್, ಎರಡೂ ಒಟ್ಟಿಗೆ ನಡೆಯಬಾರದು.

ಇವೆಲ್ಲ ನೋಡಿ, ಕಾರಣ ವಯಸ್ಸೇ ಎಂದು ಖಚಿತವಾದ ಮೇಲೆ ಮುಂದಿನ ಮಾತು.

ಒಂದನೆಯದು: ಪಾಲಿ-ಎಲ್-ಲ್ಯಾಕ್ಟಿಕ್ ಆಮ್ಲ

ಇದರ ಹೆಸರಾಂತ ಕಂಪನಿ ಹೆಸರು ಸ್ಕಲ್ಪ್‌ಟ್ರಾ. ಆಪರೇಷನ್ನಿನಲ್ಲಿ ತಾನಾಗಿ ಕರಗುವ ಹೊಲಿಗೆ ದಾರ ಬಳಸುತ್ತಾರಲ್ಲ, ಅದರ ಜಾತಿಯ ವಸ್ತುವೇ ಇದು. ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ಶುದ್ಧೀಕರಿಸಿದ ನೀರು ಬೆರೆಸಿ ಕಲಸಿ ಚುಚ್ಚುತ್ತಾರೆ. ಶರೀರದಲ್ಲಿ ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಹೊರಹೋಗುತ್ತದೆ.

ಇದರ ಸ್ವಭಾವ ನಿಧಾನ. ಚುಚ್ಚಿದ ದಿನ ಮುಖ ತುಂಬಿದಂತೆ ಕಾಣುತ್ತದೆ. ಅದು ಬೆರೆಸಿದ ನೀರಿನ ಉಬ್ಬರ ಅಷ್ಟೇ. ಕೆಲವೇ ದಿನಗಳಲ್ಲಿ ಇಳಿದು ಮೊದಲಿನಂತಾಗುತ್ತದೆ. ದುಡ್ಡು ನೀರಲ್ಲಿ ಹೋಯಿತು ಎಂದು ಗಾಬರಿಯಾಗುವುದು ಬೇಡ. ನಿಜವಾದ ಫಲ ವಾರಗಳು, ತಿಂಗಳುಗಳ ಮೇಲೆ ಬರುತ್ತದೆ. ಸಾಮಾನ್ಯವಾಗಿ 4ರಿಂದ 6 ವಾರಗಳ ಅಂತರದಲ್ಲಿ ಸುಮಾರು 3 ಸಲ ಮಾಡುತ್ತಾರೆ. ಫಲ ಸುಮಾರು 2 ವರ್ಷ ನಿಲ್ಲುತ್ತದೆ.

ಇದರ ಮುಖ್ಯ ತೊಂದರೆ ಗಂಟು. ಪುಡಿಯನ್ನು ಸರಿಯಾಗಿ ಕಲಸದಿದ್ದರೆ, ನೀರು ಕಡಿಮೆ ಹಾಕಿದರೆ, ತೀರಾ ಮೇಲುಪದರಕ್ಕೆ ಚುಚ್ಚಿದರೆ ಚರ್ಮದ ಕೆಳಗೆ ಸಣ್ಣ ಗಂಟುಗಳು ಕೈಗೆ ಸಿಗುತ್ತವೆ. ತಿಂಗಳುಗಳ ನಂತರವೂ ಬರಬಹುದು. ಅದಕ್ಕಾಗಿ ಚುಚ್ಚಿದ ಮೇಲೆ ದಿನಕ್ಕೆ 5 ಸಲ, ಪ್ರತಿ ಸಲ 5 ನಿಮಿಷ, 5 ದಿನ ಆ ಜಾಗವನ್ನು ನೀವಿಕೊಳ್ಳಲು ಹೇಳುತ್ತಾರೆ.

ಎರಡನೆಯದು: ಕ್ಯಾಲ್ಸಿಯಂ ಹೈಡ್ರಾಕ್ಸಿಅಪಟೈಟ್

ಹೆಸರು ಉದ್ದವಾದರೂ ವಸ್ತು ಪರಿಚಿತವೇ. ನಮ್ಮ ಎಲುಬು, ಹಲ್ಲುಗಳಲ್ಲಿರುವ ಖನಿಜ ಇದು. ಕಂಪನಿ ಹೆಸರು ರೇಡಿಯೆಸ್. ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ 25ರಿಂದ 45 ಭಾಗದಷ್ಟು ಗಾತ್ರದ ಉರುಟು ಕಣಗಳು ಶೇ. 30, ಅವನ್ನು ಹಿಡಿದಿಡುವ ಜೆಲ್ ಶೇ. 70. ಸಿರಿಂಜಿನಲ್ಲೇ ಸಿದ್ಧವಾಗಿ ಬರುತ್ತದೆ.

ಜೆಲ್ ಇರುವುದರಿಂದ ಚುಚ್ಚಿದ ದಿನವೇ ತುಂಬಿದ್ದು ಕಾಣುತ್ತದೆ. ಸುಮಾರು 3 ತಿಂಗಳಲ್ಲಿ ಜೆಲ್ ಕರಗುತ್ತದೆ, ಅಷ್ಟರಲ್ಲಿ ಕಣಗಳ ಸುತ್ತ ಹೊಸ ನೇಯ್ಗೆ ಕೂಡಿಕೊಳ್ಳುತ್ತದೆ. ಫಲ 12ರಿಂದ 18 ತಿಂಗಳು. ದವಡೆಯ ಅಂಚು, ಮೂಗು-ಬಾಯಿಯ ನಡುವಿನ ಆಳದ ಗೆರೆ, ಕೈಯ ಹಿಂಬದಿ ಇದಕ್ಕೆ ಒಪ್ಪುವ ಜಾಗಗಳು. ಹೆಚ್ಚು ತೆಳುವಾಗಿ ಬೆರೆಸಿ, ತುಂಬಿಸಲು ಅಲ್ಲದೆ ಚರ್ಮ ಬಿಗಿಯಾಗಲೆಂದೂ ಬಳಸುತ್ತಾರೆ.

ಇದರದ್ದೊಂದು ವಿಶೇಷ ಇದೆ. ಖನಿಜವಾದ್ದರಿಂದ ಎಕ್ಸ್‌ರೇ, ಸಿ.ಟಿ. ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುತ್ತದೆ. ಮುಂದೆ ಹಲ್ಲಿಗೋ ಸೈನಸ್ಸಿಗೋ ಸ್ಕ್ಯಾನ್ ಮಾಡಿಸುವಾಗ ವೈದ್ಯರಿಗೆ ಹೇಳದಿದ್ದರೆ ಅವರು ಬೇರೇನೋ ಎಂದು ತಿಳಿಯಬಹುದು.

ಹಾಗಾದರೆ ಯಾವುದು ಆರಿಸಬೇಕು?

ಎರಡರಲ್ಲಿ ಒಳ್ಳೆಯದು ಯಾವುದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನನ್ನ ಮುಖಕ್ಕೆ ಏನು ಕಡಿಮೆಯಾಗಿದೆ, ನನಗೆ ಎಷ್ಟು ತಾಳ್ಮೆ ಇದೆ ಎಂದು ಕೇಳಿಕೊಂಡರೆ ಸಿಗುತ್ತದೆ.

ಎರಡೂ ಕೆನ್ನೆ, ಕಣತಲೆ ಒಟ್ಟಾರೆ ಬತ್ತಿದ್ದರೆ, ಮೂರು ಸಲ ಬಂದುಹೋಗುವ ಅನುಕೂಲವಿದ್ದು ನಿಧಾನಕ್ಕೆ ಒಪ್ಪುವವರಾದರೆ, ಲ್ಯಾಕ್ಟಿಕ್ ಆಮ್ಲದ ಪುಡಿ ಹೊಂದುತ್ತದೆ. ಬದಲಾವಣೆ ಮೆಲ್ಲಗೆ ಆಗುವುದರಿಂದ ನೋಡಿದವರಿಗೆ ಏನೋ ಮಾಡಿಸಿಕೊಂಡಿದ್ದಾರೆ ಎಂದು ಅನ್ನಿಸುವುದಿಲ್ಲ.

ಒಂದು ನಿರ್ದಿಷ್ಟ ಗೆರೆ, ದವಡೆಯ ಅಂಚು ಮಾತ್ರ ಸರಿಯಾಗಬೇಕು, ದೂರದ ಊರು, ಪದೇ ಪದೇ ಬರಲಾಗದು ಎಂದರೆ ಕ್ಯಾಲ್ಸಿಯಂ ಕಣದ್ದು ಅನುಕೂಲ.

ಮೊದಲ ಸಲ, ಮನಸ್ಸು ಇನ್ನೂ ಗಟ್ಟಿಯಾಗಿಲ್ಲ, ಹೇಗೆ ಕಾಣುತ್ತದೋ ಎಂಬ ಅನುಮಾನವಿದೆ ಎನ್ನುವವರು ಈ ಎರಡನ್ನೂ ಬಿಟ್ಟು ಹೈಯಲುರಾನಿಕ್ ಆಮ್ಲದ ಬಗ್ಗೆ ವೈದ್ಯರನ್ನು ಕೇಳುವುದು ಲೇಸು. ಏಕೆಂದರೆ ಅದನ್ನು ಕರಗಿಸಲು ಹೈಯಲುರಾನಿಡೇಸ್ ಎಂಬ ಇನ್ನೊಂದು ಇಂಜೆಕ್ಷನ್ ಇದೆ. ನಾವು ಹೇಳಿದ ಎರಡಕ್ಕೂ ಅಂಥ ಮರುಮದ್ದು ಇಲ್ಲ. ಒಳಗೆ ಹೋದ ಮೇಲೆ ತಾನಾಗಿ ಕರಗುವವರೆಗೆ ಕಾಯಬೇಕು. ಇಂದಿನ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ತುಟಿಗೆ, ಕಣ್ಣಿನ ಕೆಳಗಿನ ತೆಳು ಚರ್ಮಕ್ಕೆ ಈ ಎರಡೂ ಬೇಡ. ಅಲ್ಲಿ ಗಂಟು ಬೇಗ ಕಟ್ಟುತ್ತದೆ, ಎದ್ದು ಕಾಣುತ್ತದೆ.

ಮದುವೆಗೆ ಎರಡು ವಾರ ಇದೆ ಎನ್ನುವವರಿಗೆ ಯಾವುದೂ ಬೇಡ. ಬಾವು, ಕಪ್ಪುಗಟ್ಟಿದ ಕಲೆ ಇಳಿಯಲು ಸಮಯ ಬೇಕು. ನಮ್ಮ ಚರ್ಮದಲ್ಲಿ ಸೂಜಿ ಚುಚ್ಚಿದ ಗುರುತು ಕೆಲವರಿಗೆ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ.

ಪ್ರಾಣಿಜನ್ಯವೇ?

ಲಿಂಗವಂತರ ಮನೆಯವರು, ಇತರ ಸಸ್ಯಾಹಾರಿಗಳು ಇದನ್ನು ಸಂಕೋಚದಿಂದ ಕೇಳುತ್ತಾರೆ. ಸಂಕೋಚ ಬೇಡ, ಇದು ಸರಿಯಾದ ಪ್ರಶ್ನೆ. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಮೊದಲ ಕೊಲಾಜೆನ್ ಇಂಜೆಕ್ಷನ್ ಹಸುವಿನ ಚರ್ಮದಿಂದ ತೆಗೆದದ್ದು. ಅದಕ್ಕೆ ಅಲರ್ಜಿ ಆಗುತ್ತಿದ್ದುದರಿಂದ ಮುಂಗೈಗೆ ಮೊದಲು ಪರೀಕ್ಷೆಯ ಚುಚ್ಚುಮದ್ದು ಕೊಟ್ಟು ಕಾಯಬೇಕಿತ್ತು. ನಾವು ಮಾತಾಡುತ್ತಿರುವ ಎರಡೂ ಕಾರ್ಖಾನೆಯಲ್ಲಿ ಸಂಶ್ಲೇಷಿಸಿದವು. ಅವುಗಳ ಮುಖ್ಯ ವಸ್ತು ಪ್ರಾಣಿಯಿಂದ ಬಂದದ್ದಲ್ಲ, ಮುಂಚಿತ ಚರ್ಮ ಪರೀಕ್ಷೆಯೂ ಬೇಕಿಲ್ಲ. ಆದರೆ ಪಿ.ಎಂ.ಎಂ.ಎ. ಎಂಬ, ಎಂದೂ ಕರಗದ ಕಣಗಳ ಇನ್ನೊಂದು ಫಿಲ್ಲರ್ ಇದೆ. ಅದರ ಒಂದು ಬಗೆಯಲ್ಲಿ ಹಸುವಿನ ಕೊಲಾಜೆನ್ ಇರುತ್ತದೆ. ಹೆಸರು ಕೇಳಿ ತಿಳಿದುಕೊಳ್ಳಿ.

ಹಾಗೆಯೇ ಅಂಗಡಿಯಲ್ಲಿ ಸಿಗುವ ಕೊಲಾಜೆನ್ ಪುಡಿ, ಗುಳಿಗೆಗಳು. ಕೊಲಾಜೆನ್ ಗಿಡದಲ್ಲಿ ಇರುವುದಿಲ್ಲ. ಅವು ಸಾಮಾನ್ಯವಾಗಿ ಮೀನು, ದನ, ಹಂದಿಗಳಿಂದ ಬಂದವು. ಡಬ್ಬಿಯ ಮೇಲಿನ ಹಸಿರು ಅಥವಾ ಕಂದು ಗುರುತು ನೋಡಿ ಕೊಳ್ಳಿರಿ.

ಕೆನ್ನೆ ಬತ್ತಿದ ಎಚ್‌ಐವಿ ಬಂಧುಗಳ ಮಾತು

ಆರಂಭದಲ್ಲಿ ಹೇಳಿದ ಎರಡನೆಯ ಕಾರಣಕ್ಕೆ ಬರುತ್ತೇನೆ. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ಎಚ್‌ಐವಿ ಸೋಂಕಿತರಿಗೆ ಉಚಿತ ಎ.ಆರ್.ಟಿ. ಔಷಧಿ ಕೊಡಲು ಆರಂಭಿಸಿತು. ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದಾಗಿದ್ದರಿಂದ ಇಲ್ಲಿಯೂ ಅದೇ ವರ್ಷ ಶುರುವಾಯಿತು. ಆ ಗುಳಿಗೆಗಳು ಅಸಂಖ್ಯ ಜೀವ ಉಳಿಸಿದವು. ಆದರೆ ಆಗಿನ ಗುಳಿಗೆಗಳಲ್ಲಿದ್ದ ಸ್ಟಾವುಡಿನ್, ಸ್ವಲ್ಪಮಟ್ಟಿಗೆ ಜಿಡೊವುಡಿನ್, ಕೆನ್ನೆಯ ಕೊಬ್ಬನ್ನು ಕರಗಿಸುತ್ತಿದ್ದವು. ಮೈಯಲ್ಲಿ ಶಕ್ತಿ ಬಂತು, ದುಡಿಯಲು ಆಯಿತು, ಆದರೆ ಕೆನ್ನೆಯಲ್ಲಿ ಗುಂಡಿ ಬಿತ್ತು. ಬಾಯಿ ಬಿಟ್ಟು ಹೇಳದಿದ್ದರೂ ಮುಖವೇ ಹೇಳಿಬಿಡುತ್ತದೆ ಎಂಬ ಭಯದಿಂದ ಜಾತ್ರೆಗೆ, ಮದುವೆಗೆ ಹೋಗುವುದನ್ನು ಬಿಟ್ಟವರಿದ್ದಾರೆ. ಗುಳಿಗೆಯನ್ನೇ ಬಿಟ್ಟವರೂ ಇದ್ದಾರೆ.

ಅದೇ 2004ರ ಆಗಸ್ಟ್‌ನಲ್ಲಿ ಅಮೆರಿಕದ ಎಫ್‌ಡಿಎ ಸಂಸ್ಥೆ ಲ್ಯಾಕ್ಟಿಕ್ ಆಮ್ಲದ ಇಂಜೆಕ್ಷನ್ನಿಗೆ ಅನುಮತಿ ಕೊಟ್ಟಿತು. ಸುಕ್ಕಿಗಲ್ಲ, ಎಚ್‌ಐವಿ ಇರುವವರ ಬತ್ತಿದ ಕೆನ್ನೆಗೆ. ಸುಕ್ಕಿಗೆ ಅನುಮತಿ ಬಂದದ್ದು 2009ರಲ್ಲಿ. ಕ್ಯಾಲ್ಸಿಯಂ ಕಣದ ಇಂಜೆಕ್ಷನ್ನಿಗೆ 2006ರ ಡಿಸೆಂಬರ್‌ನಲ್ಲಿ ಎರಡಕ್ಕೂ ಒಟ್ಟಿಗೆ ಅನುಮತಿ ಸಿಕ್ಕಿತು. ಹಾಗಾಗಿ ಈ ರೋಗಿಗಳಿಗೆ ಕೆನ್ನೆ ತುಂಬುವುದು ಶೋಕಿ ಎಂದು ಯಾರೂ ಹೇಳಬಾರದು. ಅದು ಊರೊಳಗೆ ತಲೆಯೆತ್ತಿ ನಡೆಯುವ ಪ್ರಶ್ನೆ.

ಈಗಿನ ಔಷಧಿಗಳು ಬೇರೆ. ಸ್ಟಾವುಡಿನ್ ಬಳಕೆ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸಲಹೆ ಕೊಟ್ಟ ಮೇಲೆ ನಮ್ಮ ದೇಶದಲ್ಲೂ ಅದನ್ನು ಹಂತಹಂತವಾಗಿ ಕೈಬಿಟ್ಟರು. ಇಂದಿನ ಗುಳಿಗೆಯಿಂದ ಕೆನ್ನೆ ಹೀಗೆ ಬತ್ತುವುದಿಲ್ಲ. ಹಿಂದೆ ಬತ್ತಿದ್ದು ಮಾತ್ರ ಔಷಧಿ ಬದಲಿಸಿದರೂ ಪೂರ್ತಿ ತುಂಬಿ ಬರುವುದು ಕಷ್ಟ. ಅಂಥವರು ಕೇಳಲು ಹಿಂಜರಿಯಬೇಡಿ. ದೊಡ್ಡ ಆಸ್ಪತ್ರೆಗಳ ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋಗಲು ಚೀಟಿ ಬರೆದುಕೊಡುತ್ತೇವೆ. ರಕ್ತದ ಸ್ಥಿತಿ ಚೆನ್ನಾಗಿದ್ದು, ಗುಳಿಗೆ ತಪ್ಪದೆ ನಡೆಯುತ್ತಿರಬೇಕು. ನಿಮ್ಮ ಕಾಯಿಲೆಯ ವಿಷಯ ನಿಮ್ಮ ಒಪ್ಪಿಗೆ ಇಲ್ಲದೆ ಬಹಿರಂಗ ಮಾಡುವಂತಿಲ್ಲ ಎಂದು 2017ರ ಎಚ್‌ಐವಿ ಕಾಯಿದೆ ಹೇಳುತ್ತದೆ. ಮುಖಕ್ಕಾಗಿ ಗುಳಿಗೆ ಬಿಡುವುದು ಮಾತ್ರ ಎಂದೆಂದಿಗೂ ಬೇಡ.

ಯಾರಿಗೆ ಬೇಡ?

ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನವರು ಮಾಡಿಸಿಕೊಳ್ಳಬಾರದು. ಗಾಯವಾದರೆ ಕೀಲಾಯ್ಡ್ ಗಂಟು ಬೆಳೆಯುವ ಮೈಯವರು, ಮುಖದಲ್ಲಿ ಕೀವುಗುಳ್ಳೆ, ಸರ್ಪಸುತ್ತು, ಹಲ್ಲಿನ ಬೇರಿನಲ್ಲಿ ಕೀವು ಇರುವವರು, ಅದು ವಾಸಿಯಾಗುವವರೆಗೂ ಬೇಡ. ಲೂಪಸ್‌ನಂತಹ ಸ್ವಯಂ ನಿರೋಧಕ ಕಾಯಿಲೆ ಇರುವವರು ಮೊದಲು ತಮ್ಮ ವೈದ್ಯರನ್ನು ಕೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರು ಒಂದು ವಿಷಯ ತಿಳಿಯಬೇಕು. ಸೌಂದರ್ಯದ ಇಂಜೆಕ್ಷನ್ನಿಗಾಗಿ ಆ ಗುಳಿಗೆಯನ್ನು ತಾವಾಗಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಸೋಂಕು ಬೇಗ ತಗಲುತ್ತದೆ.

ಅಪಾಯದ ಸೂಚನೆಗಳು

ಬಾವು, ನೋವು, ಸ್ವಲ್ಪ ಕಪ್ಪುಗಟ್ಟುವುದು ಸಹಜ, ಕೆಲವು ದಿನಗಳಲ್ಲಿ ಹೋಗುತ್ತದೆ. ಆದರೆ ಅಪರೂಪಕ್ಕೆ ಔಷಧಿ ರಕ್ತನಾಳದೊಳಗೆ ಸೇರಿ ರಕ್ತ ಹರಿಯುವುದನ್ನು ತಡೆಯಬಹುದು. ಮೂಗು, ಹುಬ್ಬುಗಳ ನಡುವಿನ ಜಾಗ ಬಹಳ ಅಪಾಯದ್ದು, ಏಕೆಂದರೆ ಅಲ್ಲಿನ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಬಂಧವಿದೆ. ಶಾಶ್ವತವಾಗಿ ದೃಷ್ಟಿ ಕಳೆದುಕೊಂಡವರೂ ಇದ್ದಾರೆ. ಈ ಕೆಳಗಿನ ಯಾವುದು ಕಂಡರೂ ರಾತ್ರಿಯಾದರೂ ಸರಿ, ಕೂಡಲೇ ಚುಚ್ಚಿದ ವೈದ್ಯರನ್ನು, ಅವರು ಸಿಗದಿದ್ದರೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗವನ್ನು ಸೇರಿರಿ:

* ಚುಚ್ಚುವಾಗ ಅಥವಾ ಆಮೇಲೆ ತಡೆಯಲಾಗದ ನೋವು
* ಚರ್ಮ ಬಿಳಿಚುವುದು, ಬಲೆಯಂತೆ ನೀಲಿ-ಕೆಂಪು ಗೆರೆ ಮೂಡುವುದು
* ಕಣ್ಣು ಮಂಜಾಗುವುದು, ಎರಡೆರಡು ಕಾಣುವುದು, ರೆಪ್ಪೆ ಜೋತುಬೀಳುವುದು
* ಮಾತು ತೊದಲುವುದು, ಕೈಕಾಲು ಸೋಲುವುದು
* ದಿನ ಕಳೆದಂತೆ ಹೆಚ್ಚುವ ಕೆಂಪು, ಜ್ವರ, ಕೀವು

ಚುಚ್ಚಿದ ದಿನ ಆ ಜಾಗಕ್ಕೆ ಅರಿಶಿನ, ಪೌಡರ್, ಕ್ರೀಮು ಹಚ್ಚಬಾರದು. ಹಣೆಗೆ ಚುಚ್ಚಿಲ್ಲವಾದರೆ ವಿಭೂತಿ ಧರಿಸಲು ಅಡ್ಡಿಯಿಲ್ಲ. ಒಂದೆರಡು ದಿನ ಬಿಸಿಲು, ಒಲೆಯ ಝಳ, ಭಾರ ಹೊರುವುದು ತಪ್ಪಿಸಿರಿ.

ಸೂಜಿ ಯಾರ ಕೈಯಲ್ಲಿದೆ?

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿ 2018ರಲ್ಲಿ ಒಂದು ಪ್ರಕರಣ ಬೆಳಕಿಗೆ ಬಂತು. ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ, ತಮ್ಮದೇ ರಕ್ತದ ಅಂಶವನ್ನು ಮುಖಕ್ಕೆ ಚುಚ್ಚಿಸಿಕೊಳ್ಳುವ ಪಿ.ಆರ್.ಪಿ. ಫೇಶಿಯಲ್ ಮಾಡಿಸಿಕೊಂಡ ಹೆಂಗಸರಿಗೆ ಎಚ್‌ಐವಿ ತಗಲಿತ್ತು. ಹೆಸರು ಬರೆಯದ ರಕ್ತದ ಟ್ಯೂಬುಗಳು, ಬಿಚ್ಚಿಟ್ಟ ಸಿರಿಂಜುಗಳು ಅಲ್ಲಿ ಸಿಕ್ಕವು. 2024ರಲ್ಲಿ ಆ ದೇಶದ ರೋಗ ನಿಯಂತ್ರಣ ಕೇಂದ್ರ ಈ ವರದಿ ಪ್ರಕಟಿಸಿತು. ಅಷ್ಟು ಮುಂದುವರಿದ ದೇಶದಲ್ಲೇ ಹೀಗಾದರೆ, ನಮ್ಮ ಬಸ್‌ಸ್ಟ್ಯಾಂಡ್ ಪಕ್ಕದ ಪಾರ್ಲರಿನಲ್ಲಿ ಎಷ್ಟು ಎಚ್ಚರ ಬೇಕು ಎಂದು ಯೋಚಿಸಿ. ಪಾರ್ಲರಿನ ಅಕ್ಕ ಹುಬ್ಬು ತೀಡುವುದರಲ್ಲಿ ನಿಪುಣೆ ಇರಬಹುದು. ಮುಖದ ರಕ್ತನಾಳ ಎಲ್ಲಿದೆ ಎಂಬುದನ್ನು ಕಲಿತವರು ಬೇರೆ.

ಮಾಡಿಸಿಕೊಳ್ಳುವ ಮುಂಚೆ ಈ ಪ್ರಶ್ನೆಗಳನ್ನು ಕೇಳಿರಿ. ಕೇಳಿದ್ದಕ್ಕೆ ಸಿಟ್ಟಾಗುವ ಕಡೆ ಮಾಡಿಸಿಕೊಳ್ಳಬೇಡಿ.

1. ತಾವು ಚರ್ಮರೋಗ ಅಥವಾ ಪ್ಲಾಸ್ಟಿಕ್ ಸರ್ಜರಿಯಲ್ಲಿ ಓದಿದವರೇ? ಚುಚ್ಚುವವರು ತಾವೇನಾ?
2. ಔಷಧಿಯ ಹೆಸರೇನು? ಸೀಲು ನನ್ನ ಎದುರಿಗೇ ಒಡೆಯುತ್ತೀರಾ? ಬ್ಯಾಚ್ ನಂಬರಿನ ಚೀಟಿ ಕೊಡುತ್ತೀರಾ?
3. ಎಷ್ಟು ಬಾಟಲಿ, ಎಷ್ಟು ಸಲ, ಒಟ್ಟು ಖರ್ಚು ಎಷ್ಟು? (ಒಂದು ಬಾಟಲಿಯ ಬೆಲೆ ಕೇಳಿ ಮೋಸಹೋಗಬೇಡಿ, ಒಟ್ಟು ಲೆಕ್ಕ ಹತ್ತಾರು ಸಾವಿರ ರೂಪಾಯಿ ಮೀರುತ್ತದೆ.)
4. ನನಗೆ ಇದೇ ಏಕೆ, ಇನ್ನೊಂದು ಏಕೆ ಬೇಡ?
5. ತೊಂದರೆಯಾದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು?

ಅರ್ಧ ಬೆಲೆಗೆ ಎಂದು ಹಂಚಿಕೊಂಡ ಬಾಟಲಿ, ಅಂತರ್ಜಾಲದಲ್ಲಿ ತರಿಸಿ ಮನೆಯಲ್ಲಿ ಚುಚ್ಚಿಕೊಳ್ಳುವುದು, ಸೂಜಿಯಿಲ್ಲದ ಪೆನ್ನು, ದ್ರವ ಸಿಲಿಕೋನ್, ಇವು ನಾಲ್ಕನ್ನೂ ದೂರ ಇಡಿ.

ಕಾಸು ಖರ್ಚಿಲ್ಲದ ಮದ್ದು

ಇದ್ದ ನೂಲನ್ನು ಉಳಿಸಿಕೊಳ್ಳುವುದು ಹೊಸದನ್ನು ನೇಯಿಸುವುದಕ್ಕಿಂತ ಸುಲಭ. ಚರ್ಮದ ಕೊಲಾಜೆನ್ನಿಗೆ ದೊಡ್ಡ ಶತ್ರು ಬಿಸಿಲು. ಹೊಲದಲ್ಲಿ ದುಡಿಯುವವರು ತಲೆಗೆ ಸೆರಗು, ರುಮಾಲು ಮುಂದಕ್ಕೆ ಎಳೆದುಕೊಂಡರೆ ಸಾಕು, ದೊಡ್ಡ ರಕ್ಷಣೆ. ಅನುಕೂಲ ಇದ್ದವರು ಬೆಳಿಗ್ಗೆ ಸನ್‌ಸ್ಕ್ರೀನ್ ಹಚ್ಚಲಿ. ಎರಡನೆಯ ಶತ್ರು ಬೀಡಿ, ಸಿಗರೇಟು, ತಂಬಾಕು. ಮೂರನೆಯದು ಹತೋಟಿ ತಪ್ಪಿದ ಸಕ್ಕರೆ. ಅದು ಕೊಲಾಜೆನ್ ಎಳೆಗಳಿಗೆ ಅಂಟಿ ಅವನ್ನು ಬಿರುಸು ಮಾಡುತ್ತದೆ. ಬೇಳೆ, ಕಾಳು, ಹಾಲು, ಮೊಸರಿನಿಂದ ಪ್ರೋಟೀನು ಬರುತ್ತದೆ. ನೆಲ್ಲಿಕಾಯಿ, ನಿಂಬೆ, ಪೇರಲದಿಂದ ವಿಟಮಿನ್ ಸಿ ಬರುತ್ತದೆ, ಅದಿಲ್ಲದೆ ನೇಕಾರರು ನೂಲು ಕಟ್ಟಲಾರರು. ರಾತ್ರಿ ಹಚ್ಚುವ ಟ್ರೆಟಿನಾಯಿನ್ ಎಂಬ ಮುಲಾಮು ಚರ್ಮದಲ್ಲಿ ಕೊಲಾಜೆನ್ ಹೆಚ್ಚಿಸುತ್ತದೆ. ಇಂಜೆಕ್ಷನ್ನಿನ ಬೆಲೆಯ ಒಂದು ಚೂರಿಗೆ ಸಿಗುತ್ತದೆ. ವೈದ್ಯರ ಸಲಹೆ ಮೇಲೆ ಮಾತ್ರ ಬಳಸಬೇಕು, ಗರ್ಭಿಣಿಯರಿಗೆ ಬೇಡ.

ಬಂಧುಗಳೇ, ಶರಣರು ಶರೀರವನ್ನು ಹೀನವೆಂದು ತಳ್ಳಲಿಲ್ಲ, ಅದನ್ನು ಕಾಯಕಕ್ಕೆ ಬೇಕಾದ ಸಾಧನವೆಂದು ಜತನ ಮಾಡಿದರು. ಮುಖ ಚೆನ್ನಾಗಿರಲಿ ಎಂದು ಬಯಸುವುದು ಪಾಪವಲ್ಲ. ಆದರೆ ಸಾಲ ಮಾಡಿ, ಮಕ್ಕಳ ಶಾಲೆಯ ಫೀಸು ತಡೆದು, ತಿಳಿಯದವರ ಕೈಗೆ ಮುಖ ಒಪ್ಪಿಸುವಷ್ಟು ಅದು ದೊಡ್ಡದೂ ಅಲ್ಲ. ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಬೇಕು ಎಂದಾದರೆ ಕಾರಣ ನೋಡಿಸಿ, ತಜ್ಞರನ್ನು ಹುಡುಕಿ, ಆಮೇಲೆ ಔಷಧಿ ಆರಿಸಿ. ಒಂದು ತಿಂಗಳು ಯೋಚಿಸಿದರೆ ಯಾವ ನಷ್ಟವೂ ಇಲ್ಲ.

ಚರ್ಮರೋಗ ವಿಭಾಗದಲ್ಲಿ ಸಲಹೆ ಕೇಳಲು ತಾವು ಯಾವಾಗಲೂ ಬರಬಹುದು. ಈಗ ಹಚ್ಚುತ್ತಿರುವ ಕ್ರೀಮಿನ ಟ್ಯೂಬು, ನುಂಗುತ್ತಿರುವ ಗುಳಿಗೆಗಳ ಚೀಟಿ ಜೊತೆಗೆ ತನ್ನಿರಿ. ಗುಂಪಿನಲ್ಲಿ ಕೇಳಲಾಗದ್ದನ್ನು ಒಳಗೆ ಬಂದು ಒಬ್ಬರೇ ಕೇಳಿರಿ.